ಸಲಹೆಗಾರನ ಮನೆ ಯಾವ ಊರಿನಲ್ಲಿದೆ?

ಆರ್.ಟಿ. ನಗರದಿಂದ ಸಿ.ಬಿ.ಐ. ರಸ್ತೆ ಹಿಡಿದು ಗಂಗಾನಗರಕ್ಕೆ ಬಂದು, ಬಳ್ಳಾರಿ ರಸ್ತೆಯಲ್ಲಿ ಉತ್ತರಕ್ಕೆ ತಿರುಗಿ, ಪಶುವೈದ್ಯಕೀಯ ಕಾಲೇಜು ದಾಟಿದರೆ ಹೆಬ್ಬಾಳ. ಅಲ್ಲಿ ದಾರಿ ಮೂರಾಗಿ ಒಡೆಯುತ್ತದೆ. ನೇರ ಹೋದರೆ ಯಲಹಂಕದ ಮಗ್ಗುಲಲ್ಲಿ ಹಾದು ದೇವನಹಳ್ಳಿಯ ವಿಮಾನ ನಿಲ್ದಾಣ. ಬಲಕ್ಕೆ ಹೊರವರ್ತುಲ ರಸ್ತೆ ಹಿಡಿದರೆ ನಾಗವಾರದ ಮಾನ್ಯತಾ ಟೆಕ್ ಪಾರ್ಕ್. ಎಡಕ್ಕೆ ಅದೇ ವರ್ತುಲ ರಸ್ತೆ ಬಿ.ಇ.ಎಲ್. ವೃತ್ತ, ಗೊರಗುಂಟೆಪಾಳ್ಯದ ಮೂಲಕ ಯಶವಂತಪುರ, ಪೀಣ್ಯದ ಕಡೆ ಒಯ್ಯುತ್ತದೆ.

ಸಲಹೆ ಕೊಡುವುದನ್ನೇ ಕಸುಬು ಮಾಡಿಕೊಂಡವರ ಬದುಕು ನಮ್ಮ ಉತ್ತರ ಬೆಂಗಳೂರಿನಲ್ಲಿ ಈ ಮೂರು ದಾರಿಗಳಲ್ಲಿ ಹಂಚಿಹೋಗಿದೆ. ಬಹಳ ವರ್ಷ ಕನ್ಸಲ್ಟೆಂಟ್ ಎಂದರೆ ನೇರ ದಾರಿಯವನೇ. ಸೋಮವಾರ ನಸುಕಿನಲ್ಲಿ ಟ್ಯಾಕ್ಸಿ, ಆರರ ವಿಮಾನ, ಮುಂಬೈಯಲ್ಲೋ ದೆಹಲಿಯಲ್ಲೋ ನಾಲ್ಕು ದಿನ, ಗುರುವಾರ ರಾತ್ರಿ ಮನೆ. 2008ರ ಮೇ 24ರಂದು ವಿಮಾನ ನಿಲ್ದಾಣ ಎಚ್.ಎ.ಎಲ್.ನಿಂದ ದೇವನಹಳ್ಳಿಗೆ ಹೋದ ಮೇಲೆ, ಇಂಥ ಕೆಲಸದಲ್ಲಿದ್ದವರಿಗೆ ಯಲಹಂಕ, ಸಹಕಾರನಗರಗಳಲ್ಲಿ ಮನೆ ಮಾಡುವುದು ಅನುಕೂಲವಾಯಿತು. ಮನೆಯನ್ನು ಆರಿಸಿಕೊಂಡದ್ದೇ ಊರು ಬಿಟ್ಟು ಹೋಗಲು ಸುಲಭವಾಗಲಿ ಎಂದು.

ಈಗ ಅದೇ ಬಡಾವಣೆಗಳ ಹಲವರು ಹೆಬ್ಬಾಳದಲ್ಲಿ ಮಾನ್ಯತಾ ಕಡೆಗೆ ತಿರುಗುತ್ತಾರೆ. ಕೆಲಸ ಅದೇ, ಹುದ್ದೆಯ ಹೆಸರೂ ಅದೇ. ಕ್ಲೈಂಟ್ ಮಾತ್ರ ಈ ಊರಿನಲ್ಲೇ ಇದ್ದಾನೆ, ರಾತ್ರಿ ಮಲಗುವುದು ಸ್ವಂತ ಮನೆಯಲ್ಲಿ. ಇದಕ್ಕೆ ಕನ್ಸಲ್ಟಿಂಗ್ ಲೋಕದಲ್ಲಿ ‘ಲೋಕಲ್ ಆಫೀಸ್ ಮಾಡೆಲ್’ ಎನ್ನುತ್ತಾರೆ. ಕೇಳಲು ಬರೀ ಕಚೇರಿಯ ಏರ್ಪಾಡು ಅನ್ನಿಸುತ್ತದೆ. ನನ್ನ ಮಟ್ಟಿಗೆ ಇದು ಅದಕ್ಕಿಂತ ದೊಡ್ಡ ಸಂಗತಿ. ಸಲಹೆ ಕೊಟ್ಟವನು ಆ ಸಲಹೆಯ ಫಲವನ್ನು ಕಣ್ಣಾರೆ ನೋಡುತ್ತಾನೋ ಇಲ್ಲವೋ ಎಂಬುದು ಇದರಿಂದಲೇ ತೀರ್ಮಾನವಾಗುತ್ತದೆ.

ಮೊದಲು ಈ ಕಸುಬು ಹೊಟ್ಟೆ ಹೊರೆಯುವ ಬಗೆಯನ್ನು ತಿಳಿದುಕೊಳ್ಳೋಣ. ಸಲಹಾ ಸಂಸ್ಥೆಗೆ ಯಂತ್ರವಿಲ್ಲ, ಸರಕಿಲ್ಲ. ಅದು ಮಾರುವುದು ತನ್ನ ಜನರ ಸಮಯವನ್ನು. ವಾರಕ್ಕೆ 40 ಗಂಟೆಯಂತೆ ವರ್ಷಕ್ಕೆ 2,080 ಗಂಟೆ. ಅದರಲ್ಲಿ ಕ್ಲೈಂಟ್‌ಗೆ ಬಿಲ್ ಮಾಡಿದ ಪಾಲು ಎಷ್ಟೋ ಅದೇ ‘ಯುಟಿಲೈಸೇಷನ್’. ನೂರಕ್ಕೆ ಎಂಬತ್ತು ಗುರಿ ಇಟ್ಟರೆ 1,664 ಗಂಟೆ ಮಾರಾಟವಾಗಲೇಬೇಕು. ಮಿಕ್ಕಿದ್ದರಲ್ಲಿ ರಜೆ, ತರಬೇತಿ, ಹೊಸ ಕೆಲಸ ಹಿಡಿಯಲು ಬರೆಯುವ ಪ್ರಸ್ತಾವನೆ, ಎಲ್ಲವೂ ಸೇರಬೇಕು. ಪ್ರಾಜೆಕ್ಟ್ ಇಲ್ಲದೆ ಕೂತವರು ‘ಬೆಂಚ್ ಮೇಲಿದ್ದೀನಿ’ ಎನ್ನುತ್ತಾರೆ. ಸಂಬಳ ಬರುತ್ತಿದ್ದರೂ ಆ ಮಾತನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ಶುಕ್ರವಾರ ಸಂಜೆ ಟೈಮ್‌ಶೀಟ್ ತುಂಬುವಾಗ ಯಾವ ಗಂಟೆಯನ್ನು ಯಾರ ಲೆಕ್ಕಕ್ಕೆ ಹಾಕುವುದು ಎಂಬ ಚಿಂತೆ ಈ ಕೆಲಸದ ಒಳಗಿನವರಿಗೆಲ್ಲ ಗೊತ್ತು.

ಹೀಗೆ ಸಮಯ ಮಾರುವವರಿಗೆ ಎರಡು ದಾರಿ. ಒಂದು, ಎಲ್ಲ ಊರಿನ ಜನರನ್ನೂ ಒಂದೇ ಕಣಜದಲ್ಲಿಟ್ಟು, ಎಲ್ಲಿ ಬೇಡಿಕೆಯಿದೆಯೋ ಅಲ್ಲಿಗೆ ಕಳಿಸುವುದು. 1926ರಲ್ಲಿ ಷಿಕಾಗೋದಲ್ಲಿ ಹುಟ್ಟಿದ ಮೆಕಿನ್ಸಿ ಬೆಳೆದದ್ದು ಈ ನಂಬಿಕೆಯ ಮೇಲೆ: ಕಚೇರಿಗಳು ಎಷ್ಟಿದ್ದರೂ ಸಂಸ್ಥೆ ಒಂದೇ, ತಕ್ಕ ಪರಿಣತ ಯಾವ ಊರಿನಲ್ಲಿದ್ದರೂ ಕ್ಲೈಂಟ್ ಇದ್ದಲ್ಲಿಗೆ ಹೋಗಬೇಕು. ಇನ್ನೊಂದು, ಊರಿಗೊಂದು ಕಚೇರಿ ತೆರೆದು, ಆ ಊರಿನವರನ್ನೇ ಸೇರಿಸಿಕೊಂಡು, ಆ ಊರಿನ ಕಂಪನಿಗಳ ಕೆಲಸವನ್ನೇ ಹಿಡಿಯುವುದು. 1973ರಲ್ಲಿ ಬಾಸ್ಟನ್ನಿನಲ್ಲಿ ಶುರುವಾದ ಬೇನ್ ತನ್ನ ಜನರನ್ನು ಆದಷ್ಟೂ ಅವರವರ ಕಚೇರಿಯ ಕೆಲಸಕ್ಕೇ ಹಚ್ಚುವುದಕ್ಕೆ ಹೆಸರಾಯಿತು. 2001ರಲ್ಲಿ ಸಿಯಾಟಲ್‌ನಲ್ಲಿ ಆರಂಭವಾದ ಸ್ಲಾಲಮ್ ಇನ್ನೂ ಮುಂದೆ ಹೋಗಿ, ಕನ್ಸಲ್ಟೆಂಟ್ ತನ್ನ ಊರಿನಲ್ಲೇ ಕೆಲಸ ಮಾಡಿ ರಾತ್ರಿ ತನ್ನ ಮನೆಯಲ್ಲೇ ಊಟ ಮಾಡಬೇಕು ಎಂಬುದನ್ನೇ ತನ್ನ ಗುರುತಾಗಿಸಿಕೊಂಡಿತು.

ಬೆಂಗಳೂರಿನ ಕಥೆ ಮಾತ್ರ ಇವೆರಡಕ್ಕೂ ಸೇರದ ಮೂರನೆಯ ಬಗೆಯದು. ಕನ್ನಡದ ಮನೆಗಳಲ್ಲಿ ‘ಆನ್‌ಸೈಟ್’ ಎಂಬ ಪದ ಅಜ್ಜಿಯರ ಬಾಯಿಗೂ ಬಂದದ್ದು ಅದರಿಂದಲೇ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದು, ಉಪಗ್ರಹದ ಕೊಂಡಿಯ ಮೂಲಕ ಇಲ್ಲಿ ಬರೆದ ಸಾಫ್ಟ್‌ವೇರನ್ನು ಅಲ್ಲಿಗೆ ಮುಟ್ಟಿಸುವ ಹಾದಿ ತೋರಿತು. ಇನ್ಫೋಸಿಸ್, ವಿಪ್ರೋದಂಥ ನಮ್ಮ ಕಂಪನಿಗಳು ಕೆಲಸವನ್ನೇ ಎರಡು ಹೋಳು ಮಾಡಿದವು. ಕೆಲವರು ಕ್ಲೈಂಟ್ ಬಳಿ ಹೋಗಿ ಕೂರುವುದು, ಹೆಚ್ಚಿನವರು ಇಲ್ಲಿ ಕೂತು ಮಾಡುವುದು. ಇಲ್ಲಿ ಕೂತವನಿಗೆ ಕ್ಲೈಂಟ್ ಎಂದರೆ ಫೋನಿನಲ್ಲಿ ಕೇಳುವ ದನಿ. ತಾನು ಬರೆದದ್ದು ಯಾವ ಅಂಗಡಿಯ ಕೌಂಟರಿನಲ್ಲಿ, ಯಾವ ಆಸ್ಪತ್ರೆಯ ಕಿಟಕಿಯಲ್ಲಿ ಓಡುತ್ತಿದೆ ಎಂದು ಅವನು ಕಂಡವನಲ್ಲ. ಮೂವತ್ತು ವರ್ಷ ಒಂದು ಊರಿಡೀ ಹೀಗೆ ಕಾಣದವರಿಗಾಗಿ ದುಡಿಯಿತು. ಅದರಿಂದ ಮನೆಗಳು ಎದ್ದವು, ಮಕ್ಕಳು ಓದಿದರು, ಯಲಹಂಕ ಉಪನಗರದ ನಿವೇಶನಗಳಿಗೆ ಬೆಲೆ ಬಂತು. ಆದರೂ ಮಾಡಿದ ಕೆಲಸದ ಮುಖ ನೋಡಲಾಗದ ಕೊರತೆ ಉಳಿದೇ ಇತ್ತು.

ಅದನ್ನು ಬದಲಿಸಿದ್ದು ಕ್ಲೈಂಟೇ ಇಲ್ಲಿಗೆ ಬಂದು ನೆಲೆಸಿದ್ದು. ಹೊರಗಿನವರಿಗೆ ಗುತ್ತಿಗೆ ಕೊಡುವ ಬದಲು, ವಿದೇಶಿ ಕಂಪನಿಗಳು ತಮ್ಮದೇ ಕಚೇರಿಯನ್ನು ಇಲ್ಲಿ ತೆರೆಯತೊಡಗಿದವು. ಇಂಥವನ್ನು ಜಾಗತಿಕ ಸಾಮರ್ಥ್ಯ ಕೇಂದ್ರ, ಬಾಯಿಮಾತಿನಲ್ಲಿ ಜಿ.ಸಿ.ಸಿ. ಎನ್ನುತ್ತಾರೆ. ಮಿನಿಯಾಪೊಲಿಸ್ ಮೂಲದ ಟಾರ್ಗೆಟ್ ಮಳಿಗೆಗಳ ಸಂಸ್ಥೆ 2005ರಲ್ಲಿ ಬೆಂಗಳೂರಿಗೆ ಬಂತು. ಅದರ ಕಚೇರಿ ಇರುವುದು ಮಾನ್ಯತಾದಲ್ಲಿ. ಸುಮಾರು 120 ಎಕರೆಯ ಆ ಆವರಣದಲ್ಲಿ ಇಂಥವು ಇನ್ನೂ ಹಲವು. ದೇವನಹಳ್ಳಿಯ ವೈಮಾನಿಕ ಪಾರ್ಕಿನಲ್ಲಿ 43 ಎಕರೆಯಲ್ಲಿ, 1,600 ಕೋಟಿ ರೂಪಾಯಿ ವೆಚ್ಚದಲ್ಲಿ ಕಟ್ಟಿದ ಬೋಯಿಂಗ್ ಆವರಣ 2024ರ ಜನವರಿ 19ರಂದು ಉದ್ಘಾಟನೆಯಾಯಿತು. ದೇಶದಲ್ಲಿ ಇಂಥ ಕೇಂದ್ರಗಳು 1,700ಕ್ಕೂ ಹೆಚ್ಚು, ಅವುಗಳಲ್ಲಿ ದುಡಿಯುವವರು ಸುಮಾರು 19 ಲಕ್ಷ ಎಂಬುದು 2024ರ ನ್ಯಾಸ್ಕಾಂ ಲೆಕ್ಕ. ಬೇರೆ ಯಾವ ನಗರಕ್ಕಿಂತಲೂ ಹೆಚ್ಚು ಪಾಲು ಬೆಂಗಳೂರಿನದು. ಕರ್ನಾಟಕ ಸರ್ಕಾರ ಅದೇ ವರ್ಷ ಇದಕ್ಕೆಂದೇ ಪ್ರತ್ಯೇಕ ನೀತಿ ತಂದು, 2029ರೊಳಗೆ ಇನ್ನೂ 500 ಕೇಂದ್ರಗಳನ್ನು ಕರೆತರುವ ಗುರಿ ಇಟ್ಟಿತು.

ಕಂಪನಿ ಬಂದ ಮೇಲೆ ಅದಕ್ಕೆ ಸಲಹೆ ಬೇಕು. ಯಾರನ್ನು ಸೇರಿಸಿಕೊಳ್ಳಬೇಕು, ಯಾವ ಕೆಲಸ ಇಲ್ಲಿಗೆ ತರಬೇಕು, ತೆರಿಗೆ ಲೆಕ್ಕ ಹೇಗೆ, ಹಳೆಯ ತಂತ್ರಾಂಶವನ್ನು ಕ್ಲೌಡ್‌ಗೆ ಸಾಗಿಸುವುದು ಹೇಗೆ. ಇದನ್ನು ಹೇಳುವವರಿಗೆ ಈಗ ಊರಿನಲ್ಲೇ ಗಿರಾಕಿ. ಜತೆಗೆ 2020ರ ಮಾರ್ಚ್‌ನ ಲಾಕ್‌ಡೌನ್ ಒಂದೇ ಏಟಿಗೆ ವಿಮಾನ ನಿಲ್ಲಿಸಿ, ವಾರವಾರ ಹಾರದೆಯೂ ಕೆಲಸ ನಡೆಯುತ್ತದೆ ಎಂದು ತೋರಿಸಿಬಿಟ್ಟಿತು.

ಇಂಥ ಕಚೇರಿಯಲ್ಲಿ ಕೆಲಸ ಮಾಡುವ ಒಬ್ಬ ಹೆಣ್ಣುಮಗಳ ವಾರವನ್ನು ಕಣ್ಣಮುಂದೆ ತಂದುಕೊಳ್ಳಿ. ಮನೆ ಯಲಹಂಕ ಉಪನಗರದಲ್ಲಿ. ಅತ್ತೆಗೆ ಸಕ್ಕರೆ ಕಾಯಿಲೆ, ಮಗ ಮೂರನೇ ಕ್ಲಾಸು. ಚೀಲದಲ್ಲಿ ಎರಡು ಲ್ಯಾಪ್‌ಟಾಪ್, ಒಂದು ತನ್ನ ಸಂಸ್ಥೆಯದು, ಇನ್ನೊಂದು ಕ್ಲೈಂಟ್ ಕೊಟ್ಟದ್ದು. ಕೊರಳಿಗೆ ಎರಡು ಗುರುತಿನ ಚೀಟಿ. ಬೆಳಿಗ್ಗೆ ಕ್ಲೈಂಟ್ ಕಚೇರಿ, ವಾರಕ್ಕೊಮ್ಮೆ ತನ್ನ ಕಚೇರಿ. ಹಾರುವ ಕೆಲಸವಾಗಿದ್ದರೆ ಮಗು ಹುಟ್ಟಿದ ವರ್ಷವೇ ಆಕೆ ಬಿಟ್ಟುಬಿಡಬೇಕಾಗುತ್ತಿತ್ತು. ಕನ್ಸಲ್ಟಿಂಗ್‌ನಲ್ಲಿ ಮೇಲಿನ ಮೆಟ್ಟಿಲುಗಳಲ್ಲಿ ಹೆಂಗಸರು ಕಡಿಮೆಯಾಗಲು ಮೂರು ರಾತ್ರಿಯ ಹೋಟೆಲ್ ವಾಸವೂ ಒಂದು ದೊಡ್ಡ ಕಾರಣವೆಂದು ನಾನು ನಂಬಿದ್ದೇನೆ. ಊರಿನ ಕಚೇರಿಯ ಏರ್ಪಾಡು ಬೇರೇನೂ ಮಾಡದೆ, ಇಂಥ ಒಬ್ಬಳನ್ನು ಹತ್ತು ವರ್ಷ ಹೆಚ್ಚು ಉಳಿಸಿಕೊಂಡರೂ ಅದು ಗೌರವಕ್ಕೆ ಅರ್ಹ.

ಇನ್ನೊಂದು ಬದಲಾವಣೆ ನಿಧಾನಕ್ಕೆ ಅರಿವಿಗೆ ಬರುತ್ತದೆ. ಪ್ರಾಜೆಕ್ಟ್ ಮುಗಿದು ಆರು ತಿಂಗಳಾದ ಮೇಲೆ ಸಹಕಾರನಗರದಲ್ಲಿ ತರಕಾರಿ ಆರಿಸುವಾಗ ಆ ಕ್ಲೈಂಟ್‌ನ ಮ್ಯಾನೇಜರ್ ಎದುರಾಗುತ್ತಾರೆ. “ನೀವು ಹಾಕಿಕೊಟ್ಟ ಆ ವರದಿ ಈಗಲೂ ದಿನಾ ನೋಡ್ತೀವಿ ಮೇಡಂ” ಎನ್ನಬಹುದು. “ಅದು ಒಂದು ವಾರ ಓಡ್ತು, ಆಮೇಲೆ ಯಾರೂ ಮುಟ್ಟಲಿಲ್ಲ” ಎಂದೂ ಹೇಳಬಹುದು. ಮುಂಬೈಯಲ್ಲಿ ಕೆಲಸ ಮುಗಿಸಿ ವಿಮಾನ ಹತ್ತಿದವನಿಗೆ ಈ ಎರಡನೆಯ ಮಾತು ಕಿವಿಗೆ ಬೀಳುವುದೇ ಇಲ್ಲ. ಹತ್ತಿರ ಇರುವುದರ ನಿಜವಾದ ಬೆಲೆ ಇಲ್ಲಿದೆ. ಊರಿನ ವೈದ್ಯರು ಕೊಟ್ಟ ಮದ್ದು ತಾಗದಿದ್ದರೆ ರೋಗಿ ಮರುದಿನ ಅವರ ಜಗಲಿಯ ಮೇಲೆ ಬಂದು ಕೂರುತ್ತಿದ್ದ. ಆ ಭಯ, ಆ ನಾಚಿಕೆ ಮದ್ದನ್ನು ಹದವಾಗಿಡುತ್ತಿತ್ತು.

ಆದರೆ ಹೆಬ್ಬಾಳದಲ್ಲಿ ಬಲಕ್ಕೆ ತಿರುಗಿದ ಮಾತ್ರಕ್ಕೆ ಎಲ್ಲವೂ ಊರಿನದಾಗುವುದಿಲ್ಲ. ಮಾನ್ಯತಾದ ಕ್ಲೈಂಟ್ ದೇಹ ಇಲ್ಲಿದೆ, ದುಡ್ಡಿನ ಬೀಗ ಅಲ್ಲಿದೆ. ಅಮೆರಿಕದ ನಡುಭಾಗದಲ್ಲಿ ಬೆಳಿಗ್ಗೆ ಒಂಬತ್ತಾದಾಗ ನಮಗೆ ಬೇಸಿಗೆಯಲ್ಲಿ ಸಂಜೆ ಏಳೂವರೆ, ಚಳಿಗಾಲದಲ್ಲಿ ಎಂಟೂವರೆ. ತೀರ್ಮಾನ ಆಗುವುದು ಆ ಹೊತ್ತಿನಲ್ಲಿ. ಹೀಗಾಗಿ ಆ ಹೆಣ್ಣುಮಗಳು ರಾತ್ರಿ ಮನೆಯಲ್ಲಿರುತ್ತಾಳೆ ನಿಜ, ಊಟದ ಹೊತ್ತಿಗೆ ಬಾಗಿಲು ಹಾಕಿಕೊಂಡು ಕರೆಯಲ್ಲಿರುತ್ತಾಳೆ. ಬಜೆಟ್ ಕತ್ತರಿಸುವ ನಿರ್ಧಾರವೂ ಹಾಗೇ ರಾತ್ರೋರಾತ್ರಿ ಬರುತ್ತದೆ. ಇಲ್ಲಿನ ಮ್ಯಾನೇಜರಿಗೂ ಅದು ಅವಳಿಗಿರುವಷ್ಟೇ ಹೊಸದು.

ಬೆಂಚಿನ ಲೆಕ್ಕವೂ ಊರಿನ ಕಚೇರಿಯಲ್ಲಿ ಕಠಿಣ. ಐದು ಸಾವಿರ ಜನರ ಕಣಜದಲ್ಲಿ ಒಂದು ಪ್ರಾಜೆಕ್ಟ್ ಹೋಗಿ ಇಪ್ಪತ್ತು ಜನ ಖಾಲಿಯಾದರೆ ಯಾರ ಗಮನಕ್ಕೂ ಬರುವುದಿಲ್ಲ, ಪುಣೆಗೋ ಚೆನ್ನೈಗೋ ಕಳಿಸುತ್ತಾರೆ. ಅರವತ್ತು ಜನರ ಕಚೇರಿಯಲ್ಲಿ ಇಪ್ಪತ್ತು ಜನ ಕೂತರೆ ಮೂರರಲ್ಲಿ ಒಂದು ಪಾಲು ಆದಾಯ ನಿಂತಂತೆ. ಊರಿನ ಕಚೇರಿಗೆ ಸಾಮಾನ್ಯವಾಗಿ ಅದರದೇ ಲಾಭನಷ್ಟದ ಪಟ್ಟಿ ಇರುತ್ತದೆ. ಆ ಊರಿನ ವ್ಯಾಪಾರ ಬಿದ್ದರೆ ಪಕ್ಕದ ಊರಿನ ಕಚೇರಿ ಬಂದು ಹೆಗಲು ಕೊಡುವುದು ಕಷ್ಟ. ಪರಿಣತಿಯೂ ಸೊರಗಬಹುದು. ವಿಮೆಯ ಲೆಕ್ಕಶಾಸ್ತ್ರವನ್ನೇ ಹತ್ತು ವರ್ಷ ಅರೆದು ಕುಡಿದವನಿಗೆ ಒಂದೇ ಊರಿನಲ್ಲಿ ಹತ್ತು ವರ್ಷ ವಿಮೆಯ ಕ್ಲೈಂಟ್ ಸಿಗುತ್ತಾರೆಯೇ? ಸಿಗದಿದ್ದರೆ ಇವತ್ತು ಬ್ಯಾಂಕು, ನಾಳೆ ಬಟ್ಟೆ ಅಂಗಡಿ. ಎಲ್ಲವೂ ಸ್ವಲ್ಪ ಸ್ವಲ್ಪ ಗೊತ್ತಿರುವವನಾಗುತ್ತಾನೆ. ಕೆಲವರಿಗೆ ಅದು ಇಷ್ಟ, ಕೆಲವರಿಗೆ ಅದೇ ಕೊರಗು.

‘ಊರಿನಲ್ಲೇ’ ಎಂಬ ಮಾತಿಗೆ ಬೆಂಗಳೂರು ಬೇರೆಯದೇ ಪರೀಕ್ಷೆ ಒಡ್ಡುತ್ತದೆ. ಬನ್ನೇರುಘಟ್ಟ ರಸ್ತೆಯಲ್ಲಿ ಮನೆ ಇರುವವನನ್ನು ಮಾನ್ಯತಾ ಪ್ರಾಜೆಕ್ಟಿಗೆ ಹಾಕಿದರೆ ಊರು ಒಂದೇ, ದಿನದ ಮೂರು ತಾಸು ರಸ್ತೆಯ ಪಾಲು. ಕೆ.ಆರ್. ಪುರದಿಂದ ಹೆಬ್ಬಾಳದ ಮೇಲೆ ಹಾದು ವಿಮಾನ ನಿಲ್ದಾಣಕ್ಕೆ ಹೋಗುವ ನೀಲಿ ಮೆಟ್ರೊ, ಬೈಯಪ್ಪನಹಳ್ಳಿಯಿಂದ ಹೆಬ್ಬಾಳ, ಯಶವಂತಪುರ ದಾಟಿ ಚಿಕ್ಕಬಾಣಾವರ ಮುಟ್ಟುವ ಉಪನಗರ ರೈಲಿನ 25 ಕಿಲೋಮೀಟರಿನ ‘ಮಲ್ಲಿಗೆ’ ಮಾರ್ಗ, ಇವುಗಳಿಗಾಗಿ ಉತ್ತರ ಬೆಂಗಳೂರು ಕಾಯುತ್ತಲೇ ಇದೆ. ಊರಿನ ಕಚೇರಿ ನಿಜಕ್ಕೂ ಊರಿನದಾಗುವುದು ಅವು ಓಡಿದ ಮೇಲೆಯೇ.

ಈಗ ಎಡಗಡೆಯ ದಾರಿಗೆ ಬರೋಣ. ನನಗೆ ಹೆಚ್ಚು ಹೇಳಬೇಕಿರುವುದು ಅದರ ಬಗ್ಗೆಯೇ.

ಹೆಬ್ಬಾಳದಿಂದ ಪಶ್ಚಿಮಕ್ಕೆ ಹೋದರೆ ಜಾಲಹಳ್ಳಿ. 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಅಲ್ಲಿ ಹುಟ್ಟಿದವು. ಆ ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುವ ಕೆಲಸ, ಅಲ್ಲಿ ಕೈಪಳಗಿಸಿಕೊಂಡ ಫಿಟ್ಟರುಗಳು, ಟರ್ನರುಗಳು, ಟೂಲ್‌ರೂಮಿನವರು, ಇವರೆಲ್ಲರ ಬಲದಿಂದ ಯಶವಂತಪುರದಾಚೆ ಪೀಣ್ಯ ಬೆಳೆಯಿತು. ಲೇತ್, ಮಿಲ್ಲಿಂಗ್, ಪ್ರೆಸ್, ಲೋಹಲೇಪನ, ರಬ್ಬರು, ಸ್ಪ್ರಿಂಗು. ಒಂದೊಂದು ಶೆಡ್ಡಿನಲ್ಲಿ ಹತ್ತು ಹದಿನೈದು ಜನ. ಇವರಿಗೂ ಸಲಹೆ ಬೇಕು. ಬ್ಯಾಂಕಿನ ಸಾಲಕ್ಕೆ ಯೋಜನಾ ವರದಿ ಬೇಕು, ದೊಡ್ಡ ಕಂಪನಿಗೆ ಸರಕು ಕೊಡಲು ಐ.ಎಸ್.ಒ. ಪ್ರಮಾಣಪತ್ರ ಬೇಕು, ಜಿ.ಎಸ್.ಟಿ. ಕಟ್ಟಬೇಕು, ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ತರಬೇಕು.

ಊರಿನ ಕಚೇರಿಯ ಸಲಹಾ ಪದ್ಧತಿ ಅಮೆರಿಕದಿಂದ ಬಂದ ಹೊಸ ಫಸಲು ಎಂದುಕೊಂಡವರಿಗೆ ಒಂದು ಮಾತು. 1970ರ ದಶಕದಲ್ಲೇ ನಮ್ಮ ದೇಶ ಇದನ್ನು ಸರ್ಕಾರದ ನೆಲೆಯಲ್ಲಿ ಮಾಡಿತ್ತು. ಸಣ್ಣ ಉದ್ಯಮಿಗೆ ಮುಂಬೈಯ ಸಲಹಾ ಸಂಸ್ಥೆಯ ಶುಲ್ಕ ಕೊಡುವ ಶಕ್ತಿಯಿಲ್ಲ, ಮುಂಬೈಯವನಿಗೆ ಇಲ್ಲಿನ ನೀರು, ಕರೆಂಟು, ಕೂಲಿ ಗೊತ್ತಿಲ್ಲ ಎಂದು ಹಣಕಾಸು ಸಂಸ್ಥೆಗಳು ರಾಜ್ಯಗಳಲ್ಲಿ ತಾಂತ್ರಿಕ ಸಲಹಾ ಸಂಸ್ಥೆಗಳನ್ನು ಕಟ್ಟಿಸಿದವು. 1972ರಲ್ಲಿ ಕೇರಳದ ಕಿಟ್ಕೊ ಮೊದಲನೆಯದು. 1976ರಲ್ಲಿ ಕರ್ನಾಟಕಕ್ಕೆ ‘ಟೆಕ್ಸಾಕ್’ ಬಂತು. ಬಸವೇಶ್ವರ ವೃತ್ತದ ಬಸವ ಭವನ ಅದರ ವಿಳಾಸ. ಯೋಜನಾ ವರದಿ, ಮಾರುಕಟ್ಟೆ ಸಮೀಕ್ಷೆ, ಸೊರಗಿದ ಘಟಕಗಳ ಪುನಶ್ಚೇತನ, ಇವೇ ಅದರ ಕೆಲಸ. ಮಿರುಗುವ ಸ್ಲೈಡುಗಳು ಅದರ ಹತ್ತಿರ ಇದ್ದಿರಲಾರವು. ಆದರೆ ಕನ್ನಡದಲ್ಲಿ ಪ್ರಶ್ನೆ ಕೇಳಿ ಕನ್ನಡದಲ್ಲಿ ಉತ್ತರ ಪಡೆಯಬಹುದಾದ ಸಲಹೆಗಾರರು ಈ ರಾಜ್ಯದ ಉದ್ಯಮಿಗೆ ದಕ್ಕಲಿ ಎಂಬ ಎಣಿಕೆ ಅದರ ಹಿಂದಿತ್ತು.

ಪೀಣ್ಯದ ಶೆಡ್ಡಿನಲ್ಲಿ ಸಲಹೆಗಾರನ ಕೆಲಸ ಹೇಗೆ ನಡೆಯುತ್ತದೆ ನೋಡಿ. ಅವನು ಸ್ಕೂಟರಿನಲ್ಲಿ ಬರುತ್ತಾನೆ. ಮೊದಲ ದಿನ ಸುಮ್ಮನೆ ನಿಂತು ನೋಡುತ್ತಾನೆ. ಪ್ರೆಸ್ಸಿನ ಡೈ ಬದಲಿಸಲು ಎಷ್ಟು ಹೊತ್ತು? ಅದರಲ್ಲಿ ಸ್ಪ್ಯಾನರ್ ಹುಡುಕುವುದಕ್ಕೇ ಎಷ್ಟು? ಒಂದು ಬಿಡಿಭಾಗ ಶೆಡ್ಡಿನೊಳಗೆ ಎಷ್ಟು ಸಲ ಆ ಮೂಲೆಗೂ ಈ ಮೂಲೆಗೂ ಓಡಾಡುತ್ತದೆ? ನೂರರಲ್ಲಿ ಎಷ್ಟು ರಿಜೆಕ್ಟ್ ಆಗಿ ಗುಜರಿಗೆ ಹೋಗುತ್ತವೆ? ಇದನ್ನು ಅವನು ಮಾಲೀಕರ ಕೋಣೆಯಲ್ಲಿ ಕೂತು ತಿಳಿಯಲಾರ. ಯಂತ್ರದ ಮುಂದೆ ನಿಂತ ಆಪರೇಟರನ್ನು ಕೇಳಬೇಕು. ಕೇಳುವ ಭಾಷೆ ಅವನಿಗೆ ಹತ್ತಿರವಾಗಿರಬೇಕು, ಕೇಳುವ ದನಿಯಲ್ಲಿ ತನಿಖೆಯ ವಾಸನೆ ಇರಬಾರದು. “ಏನಣ್ಣ, ಈ ಡೈ ಕೂರಿಸೋಕೆ ಯಾಕಿಷ್ಟು ಒದ್ದಾಡ್ತಿದ್ದೀಯ?” ಎಂದರೆ, “ಬೋಲ್ಟ್ ಒಂದೊಂದು ಒಂದೊಂದು ಸೈಜು ಸಾರ್, ನಾಲ್ಕು ಸ್ಪ್ಯಾನರ್ ಬೇಕು” ಎಂಬ ಉತ್ತರ ಬರುತ್ತದೆ. ನಾಲ್ಕು ಬೋಲ್ಟನ್ನೂ ಒಂದೇ ಸೈಜಿಗೆ ತಂದರೆ ಪ್ರತಿ ಸಲ ಹತ್ತು ನಿಮಿಷ ಉಳಿಯಬಹುದು. ಸಲಹೆ ಎಂದರೆ ಅಷ್ಟೇ. ಆದರೆ ಮುಂದಿನ ವಾರ ಅವನು ಮತ್ತೆ ಬರಬೇಕು, ಬೋಲ್ಟ್ ಬದಲಾಗಿದೆಯೇ ನೋಡಬೇಕು, ಇಲ್ಲವಾದರೆ ಯಾಕಿಲ್ಲ ಎಂದು ಕೇಳಬೇಕು. ಈ ‘ಮತ್ತೆ ಬರುವುದು’ ಊರಿನವನಿಗೆ ಮಾತ್ರ ಸಾಧ್ಯ.

ಮಾಲೀಕರಿಗೂ ಇದು ಗೊತ್ತು. ಹೊಸ ಸಲಹೆಗಾರ ಬಂದರೆ ಅವರು ಶುಲ್ಕ ಕೇಳುವ ಮುಂಚೆ ಕೇಳುವ ಪ್ರಶ್ನೆ ಒಂದೇ: “ಎಲ್ಲಿ ಸಾರ್ ನಿಮ್ಮ ಆಫೀಸು?”

ಈ ಕೆಲಸಕ್ಕೆ ಕೇಂದ್ರ ಸರ್ಕಾರ ದುಡ್ಡು ಕೊಡುತ್ತದೆ ಎಂಬುದು ಪೀಣ್ಯದಲ್ಲೇ ಎಷ್ಟೋ ಜನರಿಗೆ ತಿಳಿದಿಲ್ಲದಿರಬಹುದು. ಸಣ್ಣ ಘಟಕಗಳು ಗುಂಪುಗೂಡಿ ಒಬ್ಬ ‘ಲೀನ್’ ಸಲಹೆಗಾರನನ್ನು, ಅಂದರೆ ಪೋಲು ತಗ್ಗಿಸುವ ಬಗೆ ಹೇಳುವವನನ್ನು, ಇಟ್ಟುಕೊಳ್ಳುವ ಯೋಜನೆ ಹಿಂದಿನಿಂದಲೂ ಇತ್ತು. 2023ರ ಮಾರ್ಚ್‌ನಲ್ಲಿ ಅದನ್ನು ‘ಎಂ.ಎಸ್.ಎಂ.ಇ. ಕಾಂಪಿಟಿಟಿವ್ ಲೀನ್’ ಎಂಬ ಹೆಸರಿನಲ್ಲಿ ಹೊಸದಾಗಿ ತಂದರು. ಸಲಹೆಗಾರನ ಶುಲ್ಕ ಮತ್ತು ಜಾರಿಯ ವೆಚ್ಚದಲ್ಲಿ ನೂರಕ್ಕೆ 90 ಪಾಲು ಸರ್ಕಾರದ್ದು. 1958ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಉತ್ಪಾದಕತಾ ಮಂಡಳಿ ಇದನ್ನು ನಡೆಸುವ ಸಂಸ್ಥೆಗಳಲ್ಲಿ ಒಂದು.

ಹೆಬ್ಬಾಳಕ್ಕೆ ಇದಕ್ಕಿಂತ ಹಳೆಯ ನೆನಪೂ ಇದೆ. 1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಕೃಷಿ ಪ್ರಯೋಗಕ್ಕೆಂದು ಇಲ್ಲಿ 30 ಎಕರೆ ಜಮೀನು ಕೊಟ್ಟರು. 1946ರಲ್ಲಿ ಅಲ್ಲಿ ಕೃಷಿ ಕಾಲೇಜು ಆಯಿತು, 1964ರಲ್ಲಿ ಕೃಷಿ ವಿಶ್ವವಿದ್ಯಾಲಯ ಹುಟ್ಟಿತು, ಈಗ ಬಳ್ಳಾರಿ ರಸ್ತೆಯ ಜಿ.ಕೆ.ವಿ.ಕೆ.ಯಲ್ಲಿದೆ. ಈ ಪರಂಪರೆಯ ಆರಂಭದಲ್ಲಿ ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿ ಇದ್ದರು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಶಿಲೀಂಧ್ರ ಮತ್ತು ಕೀಟಶಾಸ್ತ್ರಜ್ಞರಾಗಿ ಬಂದರು. ಮಲೆನಾಡಿನಲ್ಲಿ ಅಡಿಕೆಗೆ ಕೊಳೆರೋಗ. ಮಳೆಯಲ್ಲಿ ಕಾಯಿ ಕೊಳೆತು ಉದುರುತ್ತಿದ್ದವು; ತೋಟದವರು ಗೊನೆಗೆ ಕೊಟ್ಟೆ ಕಟ್ಟಿ ಕಾಪಾಡಿಕೊಳ್ಳುತ್ತಿದ್ದರು. ಕೋಲ್ಮನ್ ತೋಟಗಳಿಗೆ ಹೋಗಿ ರೋಗ ಹರಡುವ ಬಗೆಯನ್ನು ಅರಿತು, 1910ರಲ್ಲಿ ಅದರ ಬಗ್ಗೆ ಬರೆದು, ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಗೊನೆಗೆ ಸಿಂಪಡಿಸುವುದನ್ನು ರೂಢಿಗೆ ತಂದರು. ಇಂದಿಗೂ ಮುಂಗಾರಿನ ಹೊತ್ತಿಗೆ ಮಲೆನಾಡಿನ ತೋಟಗಳಲ್ಲಿ ಆ ನೀಲಿ ದ್ರಾವಣ ಕಾಣುತ್ತದೆ. ಅವರು ಹುಟ್ಟಿದ್ದು ಈ ಊರಿನಲ್ಲಲ್ಲ. ಬಂದವರು ಸುಮಾರು ಇಪ್ಪತ್ತೈದು ವರ್ಷ ಇಲ್ಲಿ ನಿಂತರು. ಊರಿನವನಾಗುವುದಕ್ಕೆ ಹುಟ್ಟೇ ಬೇಕೆಂದಿಲ್ಲ, ನಿಲ್ಲಬೇಕು. ಮುಂದೆ ಹೋಬಳಿಗೊಂದರಂತೆ ಬಂದ ರೈತ ಸಂಪರ್ಕ ಕೇಂದ್ರಗಳೂ ಇದೇ ನಂಬಿಕೆಯ ಕೂಸು. ರೈತ ಸಲಹೆಗಾಗಿ ರಾಜಧಾನಿಗೆ ಬರಬಾರದು, ಸಲಹೆ ಅವನ ಹೋಬಳಿಗೆ ಹೋಗಬೇಕು.

ಹಾಗಾದರೆ ಹಾರಿ ಬರುವ ಸಲಹೆಗಾರ ಬೇಡವೇ ಎಂದು ಕೇಳಬಹುದು. ಬೇಕು. ಅವರನ್ನು ಹಗುರವಾಗಿ ಕಾಣುವುದು ಕೃತಘ್ನತೆ. ಈ ಬಳ್ಳಾರಿ ರಸ್ತೆಯೇ ಚಿಕ್ಕಬಳ್ಳಾಪುರ ದಾಟಿ ಹೈದರಾಬಾದಿಗೆ ಹೋಗುತ್ತದೆ. ಆ ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ನಮ್ಮ ನಾಡು ಕಂಡ ಅತಿ ದೊಡ್ಡ ಪಯಣಿಗ ಸಲಹೆಗಾರರು. 1906ರಲ್ಲಿ ಏಡನ್‌ಗೆ ಹೋಗಿ ನೀರು ಪೂರೈಕೆಯ ಬಗ್ಗೆ ಸಲಹೆ ಕೊಟ್ಟರು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದ್ ಮುಳುಗಿದ ಮೇಲೆ ನಿಜಾಮರ ಸರ್ಕಾರ ಅವರನ್ನು ವಿಶೇಷ ಸಲಹಾ ಎಂಜಿನಿಯರ್ ಆಗಿ ಕರೆಸಿಕೊಂಡಿತು. 1909ರಲ್ಲಿ ಅವರು ಮೈಸೂರಿನ ಮುಖ್ಯ ಎಂಜಿನಿಯರ್ ಆಗಿ ಇತ್ತ ಬಂದರು. ಆಮೇಲೆ ಅಲ್ಲಿ ಇತರರು ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳನ್ನು ಕಟ್ಟಿದರು. ಊರಿನಲ್ಲಿ ಆ ವಿದ್ಯೆ ಇಲ್ಲದಾಗ ಹೊರಗಿನಿಂದ ಬರಲೇಬೇಕು. ನಮ್ಮ ಯಲಹಂಕದ ರೈಲು ಗಾಲಿ ಕಾರ್ಖಾನೆಯೇ ಇನ್ನೊಂದು ಸಾಕ್ಷಿ. 1984ರಲ್ಲಿ ಅದು ಆರಂಭವಾದಾಗ ಗಾಲಿ ಎರಕದ ತಂತ್ರ ಅಮೆರಿಕದ ಗ್ರಿಫಿನ್ ಕಂಪನಿಯದು. ನಾಲ್ಕು ದಶಕಗಳಿಂದ ಅದನ್ನು ನಡೆಸುತ್ತಿರುವ ಕೈಗಳು ಇಲ್ಲಿಯವು.

ಬಂದ ವಿದ್ಯೆ ಊರಿನಲ್ಲಿ ಬೇರು ಬಿಡುವಂತೆ ನೋಡಿಕೊಳ್ಳುವವರು ಯಾರು ಎಂಬುದೇ ಪ್ರಶ್ನೆ. ಮಾನ್ಯತಾದ ಸಲಹಾ ಕಚೇರಿಗಳಲ್ಲಿ ಇಂದು ಎಂಥ ವಿದ್ಯೆ ಇದೆ! ಯಂತ್ರದ ಸದ್ದು ಕೇಳಿ ಅದು ಕೆಡುವ ಮುಂಚೆ ಹೇಳಬಲ್ಲ ತಂತ್ರಾಂಶ, ದಾಸ್ತಾನನ್ನು ಅರ್ಧಕ್ಕಿಳಿಸಬಲ್ಲ ಲೆಕ್ಕ, ರಿಜೆಕ್ಟ್ ಆದ ಭಾಗವನ್ನು ಚಿತ್ರ ನೋಡಿಯೇ ಗುರುತಿಸುವ ಕ್ಯಾಮೆರಾ. ಇವುಗಳನ್ನು ನಮ್ಮ ಹುಡುಗರು, ಹುಡುಗಿಯರು ಓಹಾಯೋದ ಕಾರ್ಖಾನೆಗೆ ರಾತ್ರಿ ಕೂತು ಮಾಡಿಕೊಡುತ್ತಾರೆ. ಅದೇ ವಿದ್ಯೆ ಅದೇ ವರ್ತುಲ ರಸ್ತೆಯ ಇನ್ನೊಂದು ತುದಿಯ ಪೀಣ್ಯಕ್ಕೆ ತಲುಪಿಲ್ಲ. ಶುಲ್ಕ ಹೊಂದುವುದಿಲ್ಲ ಎನ್ನುತ್ತಾರೆ, ನಿಜ. ಆದರೆ ಹತ್ತು ಶೆಡ್ಡುಗಳು ಒಂದಾದರೆ, ಸರ್ಕಾರದ ಪಾಲು ಸೇರಿದರೆ, ಬೆಂಚಿನ ಮೇಲೆ ಕೂತ ಇಬ್ಬರನ್ನು ಎರಡು ತಿಂಗಳು ಅತ್ತ ಕಳಿಸಲು ಸಂಸ್ಥೆ ಮನಸ್ಸು ಮಾಡಿದರೆ, ಹೊಂದುತ್ತದೆ. ಬೆಂಚಿನ ಗಂಟೆ ಹೇಗೂ ಬಿಲ್ ಆಗದ ಗಂಟೆ. ಲೋಕಲ್ ಆಫೀಸ್ ಎಂದು ಫಲಕ ಹಾಕಿಕೊಂಡ ಸಂಸ್ಥೆಗೆ ಈ ಊರಿನ ಒಂದಾದರೂ ಶೆಡ್ಡು ಕ್ಲೈಂಟ್ ಪಟ್ಟಿಯಲ್ಲಿರದಿದ್ದರೆ ಆ ಹೆಸರು ಅದಕ್ಕೆ ಸಲ್ಲದು ಎಂಬುದು ನನ್ನ ತೀರ್ಪು.

ಇಂಥ ಸಂಸ್ಥೆಗೆ ಅರ್ಜಿ ಹಾಕುವ ಮಕ್ಕಳಿರುವ ಮನೆಗಳಿಗೆ ಒಂದು ಮಾತು. ಸಂದರ್ಶನದ ಕೊನೆಗೆ “ನಿಮ್ಮದೇನಾದರೂ ಪ್ರಶ್ನೆ ಇದೆಯಾ?” ಎಂದು ಕೇಳುತ್ತಾರಲ್ಲ, ಆಗ ಸುಮ್ಮನಿರಬೇಡಿ. ಈ ಕಚೇರಿಯ ಕ್ಲೈಂಟ್‌ಗಳಲ್ಲಿ ಈ ಊರಿನಲ್ಲೇ ತೀರ್ಮಾನ ಮಾಡುವವರು ಎಷ್ಟು ಜನ, ಕೇಳಿ. ಬೆಂಚಿಗೆ ಬಂದರೆ ಎಷ್ಟು ವಾರ ಇಟ್ಟುಕೊಳ್ಳುತ್ತೀರಿ, ಬೇರೆ ಊರಿಗೆ ಕಳಿಸುತ್ತೀರಾ, ಕೇಳಿ. ಸಂಜೆ ಏಳರ ನಂತರದ ಕರೆ ವಾರಕ್ಕೆ ಎಷ್ಟು ದಿನ, ಅದನ್ನೂ ಕೇಳಿ. ಮನೆಯೂಟದ ಆಸೆಗೆ ಸೇರುವವರು ಊಟದ ಹೊತ್ತನ್ನೂ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಪೀಣ್ಯದ ಮಾಲೀಕರಿಗೆ ಕಾಯುವ ಅಗತ್ಯವಿಲ್ಲ. ಉದ್ಯಮ್ ನೋಂದಣಿ ಇರುವ ಯಾವ ಉತ್ಪಾದನಾ ಘಟಕವಾದರೂ ಲೀನ್ ಯೋಜನೆಗೆ ಸೇರಬಹುದು. ಸಲಹೆಗಾರನ ಶುಲ್ಕದ ಪ್ರತಿ ನೂರು ರೂಪಾಯಿಯಲ್ಲಿ ನಿಮ್ಮ ಕೈಯಿಂದ ಹೋಗುವುದು ಹತ್ತು.